ಉಪ್ಪಿಲ್ಲದ ಊಟ, ಎರಡು ನೊಬೆಲ್: ಕುಡುಗೋಲು ಕಣದ ಗುಟ್ಟು ಬಿಡಿಸಿದ ಲೈನಸ್ ಪಾಲಿಂಗ್

ಬೆಂಗಳೂರು: ಪೀಣ್ಯದ ಕಾರ್ಖಾನೆಗಳಲ್ಲಿ, ಬೊಮ್ಮಸಂದ್ರದ ಕೈಗಾರಿಕಾ ಘಟಕಗಳಲ್ಲಿ, ವೈಟ್‌ಫೀಲ್ಡ್‌ನ ಕಟ್ಟಡ ಕಾಮಗಾರಿಗಳಲ್ಲಿ ದುಡಿಯುವವರ ಪೈಕಿ ಒಡಿಶಾ, ಛತ್ತೀಸ್‌ಗಢ, ಜಾರ್ಖಂಡ್‌ಗಳಿಂದ ಬಂದವರು ಅನೇಕರು. ಆ ರಾಜ್ಯಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ, ಅಂದರೆ ಕುಡುಗೋಲು ಕಣ ಕಾಯಿಲೆ, ಹೆಚ್ಚಾಗಿ ಕಂಡುಬರುತ್ತದೆ. ನಮ್ಮದೇ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಸೋಲಿಗ, ಜೇನುಕುರುಬ ಮೊದಲಾದ ಬುಡಕಟ್ಟು ಜನರಲ್ಲಿಯೂ ಅದು ಇದೆ. ಈ ಕಾಯಿಲೆ ವರ್ಷಗಳು ಉರುಳಿದಂತೆ ಹಲವರ ಮೂತ್ರಪಿಂಡವನ್ನು ಸದ್ದಿಲ್ಲದೆ ಸವೆಸುತ್ತದೆ. ಕೊನೆಗೆ ಉಳಿಯುವ ದಾರಿಗಳು ಎರಡೇ: ಡಯಾಲಿಸಿಸ್, ಇಲ್ಲವೇ ಮೂತ್ರಪಿಂಡ ಕಸಿ.

ಈ ಕಾಯಿಲೆಯ ಮೂಲ ರಕ್ತದ ಒಂದು ಅಣುವಿನಲ್ಲಿದೆ ಎಂದು ಜಗತ್ತಿಗೆ ತೋರಿಸಿಕೊಟ್ಟವರು ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್. ಸ್ವತಃ ಮೂತ್ರಪಿಂಡದ ಕಾಯಿಲೆಯಿಂದ ನರಳಿ, ಸಾವಿನ ಅಂಚಿಗೆ ಹೋಗಿ ಮರಳಿದವರು ಅವರು. ಯಾರೊಡನೆಯೂ ಹಂಚಿಕೊಳ್ಳದ ಎರಡು ನೊಬೆಲ್ ಪ್ರಶಸ್ತಿಗಳನ್ನು ಪಡೆದ ಏಕೈಕ ವ್ಯಕ್ತಿಯೂ ಅವರೇ.

ಔಷಧದಂಗಡಿಯವನ ಮಗ

ಪಾಲಿಂಗ್ ಜನಿಸಿದ್ದು 1901ರ ಫೆಬ್ರವರಿ 28ರಂದು, ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ತಂದೆ ಹರ್ಮನ್ ಔಷಧದಂಗಡಿ ನಡೆಸುತ್ತಿದ್ದರು. 1910ರಲ್ಲಿ ಹೊಟ್ಟೆಯ ಹುಣ್ಣು ಒಡೆದು ಅವರು ತೀರಿಕೊಂಡಾಗ ಲೈನಸ್‌ಗೆ ಒಂಬತ್ತು ವರ್ಷ. ತಾಯಿ ಬೆಲ್ ಮನೆಯಲ್ಲಿ ಬಾಡಿಗೆದಾರರನ್ನು ಇಟ್ಟುಕೊಂಡು ಮೂವರು ಮಕ್ಕಳನ್ನು ಸಾಕಿದರು. ತಾಯಿಯನ್ನು ಕಾಡಿದ್ದೂ ರಕ್ತದ ಕಾಯಿಲೆಯೇ. ಪರ್ನಿಷಿಯಸ್ ಅನೀಮಿಯಾ ಎಂಬ ರಕ್ತಹೀನತೆಗೆ ಅವರು 1926ರಲ್ಲಿ ಬಲಿಯಾದರು. ಪಿತ್ತಜನಕಾಂಗವನ್ನು ಆಹಾರವಾಗಿ ಕೊಟ್ಟು ಆ ಕಾಯಿಲೆಯನ್ನು ಹತೋಟಿಗೆ ತರಬಹುದೆಂದು ವೈದ್ಯರು ಪ್ರಕಟಿಸಿದ್ದು ಅದೇ ವರ್ಷ.

ತಂದೆ ತೀರಿಕೊಂಡ 1910ರಲ್ಲಿಯೇ, ಷಿಕಾಗೊದ ವೈದ್ಯ ಜೇಮ್ಸ್ ಹೆರಿಕ್ ಒಂದು ವಿಚಿತ್ರ ಪ್ರಕರಣವನ್ನು ವರದಿ ಮಾಡಿದರು. ಗ್ರೆನಡಾ ದ್ವೀಪದಿಂದ ದಂತವೈದ್ಯಕೀಯ ಓದಲು ಬಂದಿದ್ದ ಯುವಕನೊಬ್ಬನ ರಕ್ತದಲ್ಲಿ ಕೆಂಪು ಕಣಗಳು ದುಂಡಗಿರದೆ ಕುಡುಗೋಲಿನಂತೆ ಬಾಗಿದ್ದವು. ಪಾಶ್ಚಾತ್ಯ ವೈದ್ಯಕೀಯ ಸಾಹಿತ್ಯದಲ್ಲಿ ಸಿಕಲ್ ಸೆಲ್ ಕಾಯಿಲೆಯ ಮೊದಲ ದಾಖಲೆ ಅದು. ಅದರ ಕಾರಣ ತಿಳಿಯಲು ಇನ್ನೂ 39 ವರ್ಷ ಬೇಕಾಯಿತು.

ಬಡತನದ ನಡುವೆಯೂ ಪಾಲಿಂಗ್ ಆರೆಗಾನ್ ಕೃಷಿ ಕಾಲೇಜಿನಲ್ಲಿ ಪದವಿ ಪಡೆದರು. ಅಲ್ಲಿಯೇ ಪರಿಚಯವಾದ ಏವಾ ಹೆಲೆನ್ ಮಿಲ್ಲರ್ ಅವರನ್ನು 1923ರಲ್ಲಿ ವಿವಾಹವಾದರು. 1925ರಲ್ಲಿ ಕ್ಯಾಲ್ಟೆಕ್ ಸಂಸ್ಥೆಯಿಂದ ಡಾಕ್ಟರೇಟ್ ಪಡೆದು, ಯೂರೋಪಿನಲ್ಲಿ ಹೊಸ ಕ್ವಾಂಟಂ ಭೌತವಿಜ್ಞಾನವನ್ನು ಕಲಿತು ಬಂದರು. 1939ರಲ್ಲಿ ಪ್ರಕಟವಾದ ಅವರ ರಾಸಾಯನಿಕ ಬಂಧ ಕುರಿತ ಗ್ರಂಥ ಒಂದು ತಲೆಮಾರಿನ ರಸಾಯನ ವಿಜ್ಞಾನಿಗಳಿಗೆ ದಾರಿದೀಪವಾಯಿತು.

ಸನ್ಮಾನದ ದಿನ ಊದಿಕೊಂಡ ಮುಖ

1941ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಪಾಲಿಂಗ್ ಅವರಿಗೆ ಸನ್ಮಾನ ಸಮಾರಂಭ ಏರ್ಪಟ್ಟಿತ್ತು. ಆಗ ಅವರಿಗೆ ನಲವತ್ತು ವರ್ಷ. ಮುಖ ಊದಿಕೊಂಡಿತ್ತು, ಮೈ ಭಾರವಾಗಿತ್ತು. ಪರೀಕ್ಷಿಸಿದ ವೈದ್ಯರು ಬ್ರೈಟ್ಸ್ ಕಾಯಿಲೆ ಎಂದರು. ಮೂತ್ರಪಿಂಡದ ಉರಿಯೂತಕ್ಕೆ ಅಂದು ಇದ್ದ ಹೆಸರು ಅದು. ಡಯಾಲಿಸಿಸ್ ಯಂತ್ರ ಬಳಕೆಗೆ ಬಂದಿರಲಿಲ್ಲ. ಮೂತ್ರಪಿಂಡ ಕಸಿ ಯಶಸ್ಸು ಕಂಡಿರಲಿಲ್ಲ. ಬಹುತೇಕ ವೈದ್ಯರ ದೃಷ್ಟಿಯಲ್ಲಿ ಅದು ಮರಣಶಾಸನವೇ ಆಗಿತ್ತು.

ಕೈ ಹಿಡಿದವರು ಸ್ಟ್ಯಾನ್‌ಫರ್ಡ್‌ನ ವೈದ್ಯ ಥಾಮಸ್ ಆಡಿಸ್. ಸ್ಕಾಟ್ಲೆಂಡ್ ಮೂಲದ ಆಡಿಸ್ ಅವರ ತರ್ಕ ಸರಳವಾಗಿತ್ತು. ಗಾಯಗೊಂಡ ಅಂಗಕ್ಕೆ ವಿಶ್ರಾಂತಿ ಬೇಕು. ಪ್ರೋಟೀನ್ ಜೀರ್ಣವಾದಾಗ ಉಂಟಾಗುವ ಯೂರಿಯಾವನ್ನು ಹೊರಹಾಕುವುದು ಮೂತ್ರಪಿಂಡದ ಕೆಲಸ. ಪ್ರೋಟೀನ್ ತಗ್ಗಿಸಿದರೆ ಆ ದುಡಿಮೆಯೂ ತಗ್ಗುತ್ತದೆ. ಹಾಗಾಗಿ ಪಾಲಿಂಗ್ ಅವರಿಗೆ ಉಪ್ಪಿಲ್ಲದ, ಅತಿ ಕಡಿಮೆ ಪ್ರೋಟೀನ್‌ನ ಊಟ ಮತ್ತು ಧಾರಾಳ ನೀರು ನಿಗದಿಯಾಯಿತು. ಏವಾ ಹೆಲೆನ್ ಪ್ರತಿಯೊಂದು ತುತ್ತನ್ನೂ ತೂಗಿ, ಲೆಕ್ಕ ಬರೆದು ಬಡಿಸಿದರು. ಕೆಲವು ತಿಂಗಳಲ್ಲಿ ಊತ ಇಳಿಯಿತು. ಸುಮಾರು ಹದಿನಾಲ್ಕು-ಹದಿನೈದು ವರ್ಷ ಪಥ್ಯ ಪಾಲಿಸಿದ ಪಾಲಿಂಗ್ ಮತ್ತೆ 53 ವರ್ಷ ಬದುಕಿದರು.

ಇಂದಿಗೂ ಮೂತ್ರಪಿಂಡ ರೋಗಿಗಳಿಗೆ ಉಪ್ಪು, ಪ್ರೋಟೀನ್‌ಗಳ ಮಿತಿಯನ್ನು ವೈದ್ಯರು ಹೇಳುತ್ತಾರೆ. ಆದರೆ ಎಷ್ಟು ಎಂಬುದು ಕಾಯಿಲೆಯ ಹಂತವನ್ನು ಅವಲಂಬಿಸಿದೆ. ಡಯಾಲಿಸಿಸ್‌ನಲ್ಲಿರುವವರಿಗೆ ಹೆಚ್ಚು ಪ್ರೋಟೀನ್, ಕಡಿಮೆ ನೀರು ಬೇಕಾಗುತ್ತದೆ. ಆದ್ದರಿಂದ ಒಬ್ಬರ ಪಥ್ಯವನ್ನು ಇನ್ನೊಬ್ಬರು ಅನುಸರಿಸುವುದು ಅಪಾಯ.

ಅಣುವಿನಲ್ಲಿ ಅಡಗಿದ್ದ ಕಾಯಿಲೆ

1945ರಲ್ಲಿ ವೈದ್ಯಕೀಯ ಸಂಶೋಧನಾ ಸಮಿತಿಯೊಂದರ ಸದಸ್ಯರಾಗಿದ್ದ ಪಾಲಿಂಗ್‌ಗೆ ಹಾರ್ವರ್ಡ್‌ನ ವೈದ್ಯ ವಿಲಿಯಂ ಕ್ಯಾಸಲ್ ಸಿಕಲ್ ಸೆಲ್ ಬಗ್ಗೆ ವಿವರಿಸಿದರು. ಆಮ್ಲಜನಕ ಕಡಿಮೆಯಾದ ರಕ್ತದಲ್ಲಿ ಕಣಗಳು ಬಾಗುತ್ತವೆ, ಆಮ್ಲಜನಕ ಸಿಕ್ಕಾಗ ಮತ್ತೆ ದುಂಡಗಾಗುತ್ತವೆ ಎಂಬುದು ಅವರ ಮಾತಿನ ಸಾರ. ಆಮ್ಲಜನಕವನ್ನು ಹೊರುವುದು ಹಿಮೋಗ್ಲೋಬಿನ್. 1936ರಲ್ಲಿಯೇ ಹಿಮೋಗ್ಲೋಬಿನ್‌ನ ಕಾಂತಗುಣಗಳನ್ನು ಅಧ್ಯಯನ ಮಾಡಿದ್ದ ಪಾಲಿಂಗ್‌ಗೆ ತಕ್ಷಣ ಹೊಳೆಯಿತು: ದೋಷ ಇರುವುದು ಕಣದಲ್ಲಲ್ಲ, ಅದರೊಳಗಿನ ಹಿಮೋಗ್ಲೋಬಿನ್ ಅಣುವಿನಲ್ಲಿ.

ಅದನ್ನು ಪರೀಕ್ಷೆಗೆ ಒಡ್ಡುವ ಹೊಣೆ ಯುವ ವೈದ್ಯ ಹಾರ್ವಿ ಇಟಾನೊ ಅವರ ಮೇಲೆ ಬಿತ್ತು. ಜಪಾನಿ ಮೂಲದ ಈ ಅಮೆರಿಕನ್ ಯುವಕ ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರದ ಬಂಧನ ಶಿಬಿರದಲ್ಲಿ ಇರಬೇಕಾಗಿ ಬಂದಿತ್ತು. ಇಟಾನೊ, ಜೊನಾಥನ್ ಸಿಂಗರ್ ಮತ್ತು ಐಬರ್ಟ್ ವೆಲ್ಸ್ ವಿದ್ಯುತ್ ಕ್ಷೇತ್ರದಲ್ಲಿ ಹಿಮೋಗ್ಲೋಬಿನ್ ಚಲಿಸುವ ವೇಗವನ್ನು ಅಳೆದರು. ರೋಗಿಗಳ ಹಿಮೋಗ್ಲೋಬಿನ್ ಆರೋಗ್ಯವಂತರದಕ್ಕಿಂತ ಭಿನ್ನವಾಗಿ ಚಲಿಸಿತು. ವಾಹಕರಲ್ಲಿ ಎರಡೂ ಬಗೆಯವು ಬೆರೆತಿದ್ದವು. 1949ರ ನವೆಂಬರ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಈ ಪ್ರಬಂಧ, ಒಂದು ಕಾಯಿಲೆಯನ್ನು ಅಣುವಿನ ಕಾಯಿಲೆ ಎಂದು ಕರೆದ ಮೊದಲ ಬರಹ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ 146 ಅಮೈನೊ ಆಮ್ಲಗಳ ಪೈಕಿ ಆರನೆಯದೊಂದು ಮಾತ್ರ ಬದಲಾಗಿದೆ ಎಂಬುದು ನಂತರ ವರ್ನನ್ ಇಂಗ್ರಾಂ ಅವರ ಸಂಶೋಧನೆಯಿಂದ ತಿಳಿದುಬಂತು.

1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ನಮ್ಮ ನೆರೆಯ ನೀಲಗಿರಿ ಬೆಟ್ಟಗಳ ಬುಡಕಟ್ಟು ಜನರಲ್ಲಿ ಇದೇ ಗುಣವನ್ನು ಪತ್ತೆಹಚ್ಚಿದರು. ಆಫ್ರಿಕಾ ಮೂಲದವರಿಗೆ ಮಾತ್ರ ಬರುವ ಕಾಯಿಲೆ ಎಂಬ ನಂಬಿಕೆ ಅಲ್ಲಿಗೆ ಸಡಿಲವಾಯಿತು.

ಹದಿಮೂರು ದಿನಗಳ ಅಂತರ

1954ರ ಡಿಸೆಂಬರ್ 10ರಂದು ಸ್ಟಾಕ್‌ಹೋಂನಲ್ಲಿ ಪಾಲಿಂಗ್ ರಸಾಯನ ವಿಜ್ಞಾನದ ನೊಬೆಲ್ ಸ್ವೀಕರಿಸಿದರು. ಅಲ್ಲಿಂದ ಮುಂದುವರಿದ ಪ್ರವಾಸದಲ್ಲಿ ದಂಪತಿ ಭಾರತಕ್ಕೂ ಭೇಟಿ ನೀಡಿದರು. ಆ ಸಮಾರಂಭವಾಗಿ ಹದಿಮೂರು ದಿನಕ್ಕೆ, ಡಿಸೆಂಬರ್ 23ರಂದು, ಬೋಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವರ ತಂಡ ಅವಳಿ ಸೋದರರ ನಡುವೆ ವಿಶ್ವದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ನಡೆಸಿತು. ಭಾರತದಲ್ಲಿ ಮೊದಲ ಯಶಸ್ವಿ ಕಸಿ 1971ರಲ್ಲಿ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯಲ್ಲಿ ನಡೆಯಿತು.

ಈ ಎರಡು ವಿಜ್ಞಾನಗಳು ಸಂಧಿಸುವುದು ಸಿಕಲ್ ಸೆಲ್ ರೋಗಿಯ ಮೂತ್ರಪಿಂಡದಲ್ಲಿ. ಮೂತ್ರಪಿಂಡದ ಒಳಭಾಗದಲ್ಲಿ ಆಮ್ಲಜನಕ ಕಡಿಮೆ, ಆಮ್ಲೀಯತೆ ಮತ್ತು ಲವಣದ ಸಾಂದ್ರತೆ ಹೆಚ್ಚು. ಕಣಗಳು ಕುಡುಗೋಲಾಗಿ ಬಾಗಲು ಅದಕ್ಕಿಂತ ತಕ್ಕ ಜಾಗವಿಲ್ಲ. ಸೂಕ್ಷ್ಮ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ. ಮೊದಲು ಮೂತ್ರವನ್ನು ಗಟ್ಟಿಗೊಳಿಸುವ ಶಕ್ತಿ ಕುಂದಿ ಪದೇ ಪದೇ ಮೂತ್ರ ಹೋಗುತ್ತದೆ, ಮೈಯಲ್ಲಿ ನೀರು ಆರುತ್ತದೆ. ಮೂತ್ರದಲ್ಲಿ ರಕ್ತ, ಆಮೇಲೆ ಪ್ರೋಟೀನ್ ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಮೂತ್ರಪಿಂಡ ಪೂರ್ಣ ವಿಫಲವಾಗುತ್ತದೆ. ಕುಲುಮೆಯ ಮುಂದೆ, ಬಿಸಿಲಿನ ಕಾಮಗಾರಿಯಲ್ಲಿ ನೀರು ಕುಡಿಯಲೂ ಬಿಡುವಿಲ್ಲದೆ ದುಡಿಯುವವರಿಗೆ ಇದು ಇನ್ನಷ್ಟು ಕಷ್ಟ.

ಇಂಥವರಿಗೆ ಕಸಿ ಸುಲಭವಲ್ಲ. ಪದೇ ಪದೇ ರಕ್ತ ಪಡೆದವರಲ್ಲಿ ಪ್ರತಿಕಾಯಗಳು ಬೆಳೆದು ಹೊಂದುವ ಮೂತ್ರಪಿಂಡ ಸಿಗುವುದು ದುರ್ಲಭವಾಗುತ್ತದೆ. ಹೊಸ ಮೂತ್ರಪಿಂಡ ರಕ್ತೋತ್ಪತ್ತಿಯ ಹಾರ್ಮೋನನ್ನು ಸ್ರವಿಸತೊಡಗಿದಾಗ ರಕ್ತ ದಪ್ಪವಾಗಿ ನೋವಿನ ದಾಳಿಗಳು ಮರುಕಳಿಸಬಹುದು. ಹೊಸ ಅಂಗಕ್ಕೂ ಹಳೆಯ ಗತಿ ಬರಬಹುದು. ಈ ಕಾರಣಗಳಿಂದ ಬಹುಕಾಲ ವೈದ್ಯರು ಹಿಂಜರಿದರು. ಆದರೆ ಡಯಾಲಿಸಿಸ್‌ನಲ್ಲೇ ಉಳಿಯುವುದಕ್ಕಿಂತ ಕಸಿ ಪಡೆದವರು ಹೆಚ್ಚು ಕಾಲ ಬದುಕುತ್ತಾರೆಂದು ನಂತರದ ಅಧ್ಯಯನಗಳು ತೋರಿಸಿವೆ. ಹೈಡ್ರಾಕ್ಸಿಯೂರಿಯಾ ಮಾತ್ರೆ ಮತ್ತು ರಕ್ತ ಬದಲಾವಣೆ ಚಿಕಿತ್ಸೆ ಇದಕ್ಕೆ ನೆರವಾಗಿವೆ.

ಶಾಂತಿಯ ಹಾದಿ, ತಪ್ಪು ಹೆಜ್ಜೆ

ಪಾಲಿಂಗ್ ಅಣ್ವಸ್ತ್ರ ಪರೀಕ್ಷೆಗಳ ಕಡು ವಿರೋಧಿಯಾಗಿದ್ದರು. 1952ರಲ್ಲಿ ಅಮೆರಿಕ ಸರ್ಕಾರ ಅವರಿಗೆ ಪಾಸ್‌ಪೋರ್ಟ್ ನಿರಾಕರಿಸಿತು. 1958ರಲ್ಲಿ ಸಾವಿರಾರು ವಿಜ್ಞಾನಿಗಳ ಸಹಿಯುಳ್ಳ ಮನವಿಯನ್ನು ಅವರು ವಿಶ್ವಸಂಸ್ಥೆಗೆ ಸಲ್ಲಿಸಿದರು. 1962ನೇ ಸಾಲಿನ ಶಾಂತಿ ನೊಬೆಲ್ ಅವರಿಗೆ ಘೋಷಣೆಯಾದದ್ದು 1963ರ ಅಕ್ಟೋಬರ್ 10ರಂದು. ಅಣುಪರೀಕ್ಷಾ ನಿಷೇಧ ಒಪ್ಪಂದ ಜಾರಿಗೆ ಬಂದ ದಿನವೂ ಅದೇ.

ಆದರೆ ಮಹಾಪುರುಷರೂ ಎಡವುತ್ತಾರೆ. 1968ರಲ್ಲಿ ಅವರು, ಸಿಕಲ್ ಸೆಲ್ ವಾಹಕರ ಹಣೆಯ ಮೇಲೆ ಹಚ್ಚೆ ಹಾಕಿದರೆ ವಾಹಕರಿಬ್ಬರು ಮದುವೆಯಾಗುವುದು ತಪ್ಪುತ್ತದೆ ಎಂದು ಬರೆದರು. ಮಕ್ಕಳ ನೋವು ತಪ್ಪಿಸುವ ಉದ್ದೇಶ ಅವರದಾಗಿತ್ತು. ಆದರೂ ಒಂದು ಸಮುದಾಯದ ಹಣೆಗೆ ಕಳಂಕ ಹಚ್ಚುವ ಆ ಸಲಹೆ ತೀವ್ರ ಟೀಕೆಗೆ ಗುರಿಯಾಯಿತು. ಎಪ್ಪತ್ತರ ದಶಕದಿಂದ ಅವರು ವಿಟಮಿನ್ ಸಿ ಯನ್ನು ಭಾರಿ ಪ್ರಮಾಣದಲ್ಲಿ ಸೇವಿಸುವಂತೆ ಪ್ರಚಾರ ಮಾಡಿದರು. ಕ್ಯಾನ್ಸರ್ ರೋಗಿಗಳ ಮೇಲೆ ಮೇಯೊ ಕ್ಲಿನಿಕ್ ನಡೆಸಿದ ಪ್ರಯೋಗಗಳಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಹೆಚ್ಚಿನ ವಿಟಮಿನ್ ಸಿ ದೇಹದಲ್ಲಿ ಆಕ್ಸಲೇಟ್ ಆಗಿ ಮೂತ್ರಪಿಂಡಕ್ಕೇ ಹಾನಿ ಮಾಡಬಲ್ಲದು. ಮೂತ್ರಪಿಂಡದ ರೋಗಿಗಳು ಈ ವಿಷಯದಲ್ಲಿ ಪಾಲಿಂಗ್ ಅವರನ್ನು ಅನುಸರಿಸದಿರುವುದೇ ಕ್ಷೇಮ.

1981ರಲ್ಲಿ ಏವಾ ಹೆಲೆನ್ ಅಗಲಿದರು. 1994ರ ಆಗಸ್ಟ್ 19ರಂದು, 93ರ ವಯಸ್ಸಿನಲ್ಲಿ ಪಾಲಿಂಗ್ ಕ್ಯಾನ್ಸರ್‌ನಿಂದ ಕೊನೆಯುಸಿರೆಳೆದರು. ಅದೇ ವರ್ಷ ಭಾರತದ ಸಂಸತ್ತು ಮಾನವ ಅಂಗಾಂಗ ಕಸಿ ಕಾಯಿದೆಯನ್ನು ಅಂಗೀಕರಿಸಿ ಮೂತ್ರಪಿಂಡ ಮಾರಾಟವನ್ನು ಅಪರಾಧವೆಂದು ಸಾರಿತು.

ನಮ್ಮ ಹೊರವಲಯದಲ್ಲಿ

ಪಾಲಿಂಗ್ ತೋರಿದ ದಾರಿಯ ಕುರುಹುಗಳು ಬೆಂಗಳೂರಿನ ಹೊರವಲಯದಲ್ಲಿಯೂ ಇವೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆನುವಂಶಿಕ ಕಾಯಿಲೆಗಳ ಅಧ್ಯಯನಕ್ಕೆ ಮೀಸಲಾದ ಮಾನವ ತಳಿವಿಜ್ಞಾನ ಕೇಂದ್ರವಿದೆ. ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯಲ್ಲಿ ಮೂತ್ರಪಿಂಡ ಕಸಿಯೂ ಅಸ್ಥಿಮಜ್ಜೆ ಕಸಿಯೂ ನಡೆಯುತ್ತವೆ. ಕಸಿ ಪಡೆದವರು ಜೀವನಪರ್ಯಂತ ನುಂಗಬೇಕಾದ, ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಔಷಧಗಳನ್ನು ಹೊಸೂರು ರಸ್ತೆಯ ಬಯೋಕಾನ್ ತಯಾರಿಸುತ್ತದೆ. ಮೃತರ ಅಂಗಗಳ ಹಂಚಿಕೆಯನ್ನು ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತಿದೆ.

2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 40 ವರ್ಷದವರೆಗಿನ ಏಳು ಕೋಟಿ ಜನರನ್ನು ತಪಾಸಣೆಗೆ ಒಳಪಡಿಸಿ, 2047ರೊಳಗೆ ಕಾಯಿಲೆಯನ್ನು ನಿವಾರಿಸುವುದು ಅದರ ಗುರಿ. ತಪಾಸಣೆಗೊಳಗಾದವರಿಗೆ ಹಣೆಯ ಹಚ್ಚೆಯಲ್ಲ, ಕೈಗೆ ಒಂದು ಕಾರ್ಡು ಕೊಡಲಾಗುತ್ತದೆ. ಅದನ್ನು ಯಾರಿಗೆ ತೋರಿಸಬೇಕು ಎಂಬ ತೀರ್ಮಾನ ಅವರದೇ.

ಊರು ಬಿಟ್ಟು ದುಡಿಮೆಗೆ ಬಂದವರು ಈ ತಪಾಸಣೆಯಿಂದ ತಪ್ಪಿಹೋಗುವ ಸಂಭವ ಹೆಚ್ಚು. ಒಂದು ರಕ್ತಪರೀಕ್ಷೆ, ವರ್ಷಕ್ಕೊಮ್ಮೆ ಒಂದು ಮೂತ್ರಪರೀಕ್ಷೆ ನಡೆದರೆ ಮೂತ್ರಪಿಂಡದ ಹಾನಿಯನ್ನು ಬಹಳ ಮೊದಲೇ ಗುರುತಿಸಬಹುದು. ನಲವತ್ತರಲ್ಲಿ ಪಾಲಿಂಗ್‌ಗೆ ಸಿಕ್ಕ ಅವಕಾಶ ಪೀಣ್ಯದ ಕಾರ್ಮಿಕನಿಗೂ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೂ ಸಿಗಬೇಕಾದರೆ ಆರಂಭ ಅಲ್ಲಿಂದಲೇ ಆಗಬೇಕಿದೆ.