ಜನರು ಜಗದ್ಗುರು ಎಂದು ಕರೆದ ಬಾದ್‌ಶಾಹ

ಸಾಂಬ್ರಾದಿಂದ ಬೆಳಗಾವಿ ಪೇಟೆಗೆ ಹತ್ತು ಕಿಲೋಮೀಟರ್ ಇದ್ದೀತು. ರಜೆಯ ದಿನ ಮದ್ರಸದ ದೊಡ್ಡ ಮಕ್ಕಳನ್ನು ಕರೆದುಕೊಂಡು ಅಲ್ಲಿಯ ಕೋಟೆಗೆ ನಾವು ಹೋಗುವುದುಂಟು. ಒಂದೇ ಕೋಟೆಯೊಳಗೆ 1204ರ ಕಮಲ ಬಸದಿಯೂ ಇದೆ, ಆದಿಲ್‌ಶಾಹಿ ಕಾಲದ ಸಫಾ ಮಸ್ಜಿದ್ ಕೂಡ ಇದೆ. ಕಳೆದ ಸಲ ಹೋದಾಗ ಒಬ್ಬ ಹುಡುಗ ನಮ್ಮನ್ನು ತಡೆದು ನಿಲ್ಲಿಸಿದ. ಬಿಜಾಪುರದ ಇಬ್ರಾಹಿಂ ಆದಿಲ್‌ಶಾಹ ಸರಸ್ವತಿಯ ಮೇಲೆ ಹಾಡು ಕಟ್ಟಿದನಂತೆ, ಹಾಗಾದರೆ ಅವನು ಮುಸ್ಲಿಮನೋ ಅಲ್ಲವೋ ಅಂತ ಕೇಳಿದ. ಆಗ ನಮ್ಮ ಬಾಯಿಗೆ ಸರಿಯಾದ ಉತ್ತರ ಬರಲಿಲ್ಲ. ಹುಡುಗ ಕೇಳಿದ್ದು ತಿಳಿದುಕೊಳ್ಳಲಿಕ್ಕೆ. ಇದೇ ಪ್ರಶ್ನೆಯನ್ನು ಜಗಳಕ್ಕಾಗಿ ಕೇಳುವವರೂ ಈಗ ಇದ್ದಾರೆ. ಅದಕ್ಕೇ ಆ ಬಾದ್‌ಶಾಹನ ಕಥೆಯನ್ನು ಮೊದಲಿನಿಂದ ಹೇಳಬೇಕು ಅನ್ನಿಸಿತು.

ಎರಡನೇ ಇಬ್ರಾಹಿಂ ಬಿಜಾಪುರದ ತಖ್ತಿಗೆ ಬಂದದ್ದು 1580ರಲ್ಲಿ. ಆಗ ಅವನಿಗೆ ವಯಸ್ಸು ಬರೀ ಒಂಬತ್ತು. ದೊಡ್ಡಪ್ಪ ಅಲಿ ಆದಿಲ್‌ಶಾಹ ಮಕ್ಕಳಿಲ್ಲದೆ ಕೊಲೆಯಾಗಿ ಹೋಗಿದ್ದ. ಹುಡುಗನನ್ನು ಸಾಕಿ ರಾಜ್ಯ ನೋಡಿಕೊಂಡದ್ದು ಅಲಿಯ ಬೇಗಂ ಚಾಂದ್ ಬೀಬಿ. ಆದರೆ ಸರದಾರರು ಸುಮ್ಮನಿರಬೇಕಲ್ಲ! ಒಬ್ಬ ಸರದಾರ ಆ ತಾಯಿಯನ್ನೇ ಸತಾರಾ ಕೋಟೆಯಲ್ಲಿ ಬಂಧಿಸಿಟ್ಟ. ಅವನನ್ನು ಹಬ್ಶಿ ಸರದಾರರು ಓಡಿಸಿದರು. ಆಮೇಲೆ ಎಂಟು ವರ್ಷ ದಿಲಾವರ್ ಖಾನ್ ಎಂಬ ಹಬ್ಶಿಯದ್ದೇ ದರ್ಬಾರು. 1590ರಲ್ಲಿ ಇಬ್ರಾಹಿಂ ಅವನನ್ನು ಕೆಳಗಿಳಿಸಿ ಅಧಿಕಾರ ತನ್ನ ಕೈಗೆ ತೆಗೆದುಕೊಂಡ.

ಅವನ ಕೈಗೆ ಬಂದ ರಾಜ್ಯ ಹೇಗಿತ್ತು ಅಂತ ಸ್ವಲ್ಪ ನೋಡಬೇಕು. ಆದಿಲ್‌ಶಾಹಿ ಮನೆತನ ಕಟ್ಟಿದ ಯೂಸುಫ್ 1502ರಲ್ಲಿ ಶಿಯಾ ರೀತಿಯ ಖುತ್ಬಾ ಓದಿಸಿದ. 1534ರಲ್ಲಿ ಬಂದ ಮೊದಲನೇ ಇಬ್ರಾಹಿಂ, ಅಂದರೆ ನಮ್ಮ ಕಥೆಯ ಇಬ್ರಾಹಿಮನ ಅಜ್ಜ, ಅದನ್ನು ಸುನ್ನಿಗೆ ತಿರುಗಿಸಿದ. ಮಗ ಅಲಿ ಪುನಃ ಶಿಯಾಕ್ಕೆ ತಂದ. ದಿಲಾವರ್ ಖಾನನ ಕಾಲಕ್ಕೆ ಮತ್ತೆ ಸುನ್ನಿ. ಜುಮಾದ ದಿನ ಮಿಂಬರಿನಲ್ಲಿ ಯಾರ ಹೆಸರು ಬರುತ್ತದೆ ಎಂಬುದರ ಮೇಲೆ ನೂರಾರು ಮನೆಗಳ ಅನ್ನ ನಿಂತಿತ್ತು. ಅಜ್ಜನ ಕಾಲದಲ್ಲಿ ಇರಾನ್ ಕಡೆಯಿಂದ ಬಂದ ಎಷ್ಟೋ ಜನ ನೌಕರಿ ಕಳೆದುಕೊಂಡರು, ಅವರ ಜಾಗಕ್ಕೆ ದಖ್ಖನಿಗರು ಮತ್ತು ಹಬ್ಶಿಗಳು ಬಂದರು. ಅದೇ ಅಜ್ಜ ಇನ್ನೊಂದು ಕೆಲಸವನ್ನೂ ಮಾಡಿದ್ದ. ಕಂದಾಯದ ಲೆಕ್ಕವನ್ನು ಪಾರಸಿಯಿಂದ ಬಿಡಿಸಿ ಜನರ ಮಾತಿಗೆ ತಂದು ಬ್ರಾಹ್ಮಣ ಕಾರಕೂನರ ಕೈಗೆ ಕೊಟ್ಟಿದ್ದ. ರೈತನಿಗೆ ತನ್ನ ಮೇಲೆ ಎಷ್ಟು ತೆರಿಗೆ ಬರೆದಿದ್ದಾರೆ ಎಂದು ಕೇಳಿ ತಿಳಿಯಲಿಕ್ಕಾದರೂ ಆಗುತ್ತದಲ್ಲ, ಇದು ಸಣ್ಣ ಸಂಗತಿ ಅಲ್ಲ.

ಮೊಮ್ಮಗ ಸುನ್ನಿಯಾಗಿಯೇ ಉಳಿದ. ಆದರೆ ಅಜ್ಜನ ಹಾಗೆ ಶಿಯಾಗಳನ್ನು ಓಡಿಸಲಿಲ್ಲ. ಇರಾನಿನಿಂದ ಬಂದ ಜುಹೂರಿ, ಮಲಿಕ್ ಕುಮ್ಮಿಯಂಥ ಕವಿಗಳು ಅವನ ಆಸ್ಥಾನದಲ್ಲೇ ಬಾಳಿದರು. 1589ರಲ್ಲಿ ಬಿಜಾಪುರಕ್ಕೆ ಬಂದ ಫಿರಿಶ್ತಾ ತನ್ನ ದೊಡ್ಡ ಚರಿತ್ರೆಯನ್ನು ಬರೆದದ್ದು ಇದೇ ಬಾದ್‌ಶಾಹನ ಆಸರೆಯಲ್ಲಿ. ಇಬ್ರಾಹಿಮನ ತಾಮ್ರದ ನಾಣ್ಯ ನೋಡಿದರೆ ಇನ್ನೂ ಸೋಜಿಗ. ಒಂದು ಬದಿಯಲ್ಲಿ ಅಬಲಾ ಬಲಿ, ಅಂದರೆ ಬಲವಿಲ್ಲದವರಿಗೆ ಬಲ, ಎಂಬ ಸಂಸ್ಕೃತದ ಬಿರುದು ಅರಬಿ ಅಕ್ಷರದಲ್ಲಿ. ಇನ್ನೊಂದು ಬದಿಯಲ್ಲಿ ತಾನು ಹಝ್ರತ್ ಅಲಿಯವರ (ರ) ಗುಲಾಮ ಎಂಬ ಮಾತು. ಸಂತೆಯಲ್ಲಿ ಉಪ್ಪು ಮೆಣಸು ಕೊಳ್ಳುವವರ ಕೈಯಲ್ಲಿ ಓಡಾಡಿದ್ದು ಇಂಥ ನಾಣ್ಯ.

ಇನ್ನು ಹಾಡಿನ ವಿಷಯ. ಕಿತಾಬೆ ನವರಸ್ ಎಂಬ ಪುಸ್ತಕ ಅವನದ್ದೇ, ದಖ್ಖನಿ ಭಾಷೆಯಲ್ಲಿ, ಯಾವ ರಾಗದಲ್ಲಿ ಹಾಡಬೇಕೆಂದು ಗುರುತಿಸಿ ಬರೆದದ್ದು. ಅದರಲ್ಲಿ ಸರಸ್ವತಿ ಉಂಟು, ಗಣಪತಿ ಉಂಟು. ಪ್ರವಾದಿಯವರ (ಸ) ಸ್ಮರಣೆ, ಕಲಬುರಗಿಯ ಹಝ್ರತ್ ಖ್ವಾಜಾ ಬಂದೇ ನವಾಝರ (ರ) ಹೊಗಳಿಕೆಯೂ ಉಂಟು. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟು, ಅದನ್ನೂ ಹಾಡಿನಲ್ಲಿ ಸೇರಿಸಿದ! ನವರಸ ಎಂಬ ಶಬ್ದದ ಮೇಲೆ ಅವನಿಗೆ ಎಷ್ಟು ಮೋಹ ಅಂದರೆ, 1599ರಲ್ಲಿ ಬಿಜಾಪುರದ ಪಡುವಣಕ್ಕೆ ನವರಸಪುರ ಎಂಬ ಹೊಸ ಊರನ್ನೇ ಕಟ್ಟಲಿಕ್ಕೆ ಹೊರಟ. ಅಕ್ಬರನ ಕಡೆಯಿಂದ ಬಂದ ರಾಯಭಾರಿ ಅಸದ್ ಬೇಗನಿಗೆ, ಈ ಬಾದ್‌ಶಾಹನಿಗೆ ಪಾರಸಿಗಿಂತ ಮರಾಠಿಯೇ ಸಲೀಸು ಎಂದು ಕಂಡಿತು. ಜನ ಅವನನ್ನು ಜಗದ್ಗುರು ಎಂದು ಕರೆದದ್ದು ಈ ಎಲ್ಲ ಕಾರಣಕ್ಕೆ.

ಆ ಕಾಲದ ಉಲಮಾಗಳು ಇದಕ್ಕೆಲ್ಲ ತಲೆ ಆಡಿಸಿದರು ಅಂದುಕೊಳ್ಳಬೇಡಿ. ಗುಜರಾತಿನಿಂದ ಬಂದಿದ್ದ ಶಾಹ್ ಸಿಬ್ಗತುಲ್ಲಾ ಎಂಬ ಸೂಫಿ ಗುರುಗಳು ಬಾದ್‌ಶಾಹನ ರೀತಿಯನ್ನು ಮುಖದ ಮೇಲೆಯೇ ವಿರೋಧಿಸಿದರು. ಕೊನೆಗೆ ಅವರು ಬಿಜಾಪುರ ಬಿಟ್ಟು ಮದೀನಾದಲ್ಲಿ ನೆಲೆಸಿ 1606ರಲ್ಲಿ ಅಲ್ಲೇ ವಫಾತಾದರು. ಮದೀನಾದಲ್ಲಿ ಅವರಿಗೆ ದೊಡ್ಡ ಶಿಷ್ಯಬಳಗ ಬೆಳೆಯಿತು. ನಾವು ಕಿತಾಬು ಓದಿಸುವವರು. ಅಖೀದಾದ ಪಾಠದಲ್ಲಿ ಇಬ್ರಾಹಿಮನ ಹಾಡನ್ನು ಮಾದರಿ ಅಂತ ಹೇಳಲಿಕ್ಕೆ ನಮ್ಮಿಂದಾಗದು. ಆ ವಿಷಯದಲ್ಲಿ ನಮ್ಮ ಮನಸ್ಸು ಶಾಹ್ ಸಿಬ್ಗತುಲ್ಲಾರ ಕಡೆಗೇ ಇದೆ. ಆದರೆ ಬಾದ್‌ಶಾಹನ ಎದೆಯೊಳಗೆ ಏನಿತ್ತು ಎಂಬ ಲೆಕ್ಕ ಅಲ್ಲಾಹನ ಹತ್ತಿರ. ಪ್ರಜೆಗಳನ್ನು ಹೇಗೆ ನಡೆಸಿಕೊಂಡ ಎಂಬ ಲೆಕ್ಕವನ್ನು ನಾವೂ ನೋಡಬಹುದು. ಎರಡನ್ನೂ ಒಂದೇ ವಹಿಯಲ್ಲಿ ಬರೆದರೆ ಗೊಂದಲ.

ಆ ಎರಡನೇ ವಹಿಯಲ್ಲಿ ಕಪ್ಪು ಕಲೆಯೂ ಉಂಟು, ಅದೂ ನಮ್ಮ ಬೆಳಗಾವಿಯದ್ದೇ. ಇಬ್ರಾಹಿಂ ತನ್ನ ತಮ್ಮ ಇಸ್ಮಾಯಿಲನನ್ನು ಇದೇ ಕೋಟೆಯಲ್ಲಿ ಕಾವಲಲ್ಲಿ ಇಟ್ಟಿದ್ದ. ಮಕ್ಕಳು ಓಡಿ ಆಡುವ ಅದೇ ಕಲ್ಲುಗೋಡೆಗಳ ನಡುವೆ. 1594ರ ಸುಮಾರಿಗೆ ತಮ್ಮ ದಂಗೆ ಎದ್ದ. ಐನುಲ್ ಮುಲ್ಕ್ ಎಂಬ ದೊಡ್ಡ ಸರದಾರ ಅವನ ಜೊತೆ ನಿಂತ, ಅಹ್ಮದನಗರದ ಸುಲ್ತಾನನೂ ಬೆನ್ನಿಗಿದ್ದ. ದಂಗೆ ಮುರಿಯಿತು. ಸರದಾರ ಯುದ್ಧದಲ್ಲಿ ಸತ್ತ, ಸೆರೆಸಿಕ್ಕ ತಮ್ಮನೂ ಉಳಿಯಲಿಲ್ಲ. ಪರಧರ್ಮದವರನ್ನು ಸಹಿಸಿದ ಬಾದ್‌ಶಾಹ ತಖ್ತಿನ ವಿಷಯದಲ್ಲಿ ಒಡಹುಟ್ಟಿದವನನ್ನೂ ಸಹಿಸಲಿಲ್ಲ.

ಊರಿಗೆ ಹೋಗಲಿಕ್ಕೆ ರೈಲು ಹಿಡಿದರೆ ಖಾನಾಪುರ, ಲೋಂಡಾ ಬರುತ್ತದೆ. ಅಲ್ಲಿಂದ ಪಡುವಣಕ್ಕೆ ಗೋವಾ. 1510ರಲ್ಲಿ ಪೋರ್ಚುಗೀಸರು ಆದಿಲ್‌ಶಾಹಿಯಿಂದ ಗೋವಾ ಕಸಿದುಕೊಂಡಾಗ ಅಲ್ಲಿಯ ಮುಸ್ಲಿಮರನ್ನು ಕೊಚ್ಚಿ ಹಾಕಿದರು. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮ ವಿಚಾರಣೆಯ ಕೋರ್ಟು ಕೂತಿತು, ದೇವಸ್ಥಾನಗಳನ್ನು ಕೆಡವಿದರು. ಆಗ ಕೊಂಕಣಿಗರು ಮಂಗೇಶ, ಶಾಂತಾದುರ್ಗೆಯರ ಮೂರ್ತಿಗಳನ್ನು ರಾತ್ರೋರಾತ್ರಿ ಹೊತ್ತು ನದಿ ದಾಟಿಸಿ ಮುಟ್ಟಿಸಿದ್ದು ಫೋಂಡಾಕ್ಕೆ. ಫೋಂಡಾ ಅಂದು ಇದ್ದದ್ದು ಆದಿಲ್‌ಶಾಹಿಯ ಕೈಯಲ್ಲಿ. ಆಗಿನ ಬಾದ್‌ಶಾಹ ದೊಡ್ಡಪ್ಪ ಅಲಿ. 1565ರಲ್ಲಿ ಹಂಪಿ ಹಾಳಾದಾಗ ಗೆದ್ದ ಸೈನ್ಯದಲ್ಲಿ ಇದ್ದವನೂ ಇದೇ ಅಲಿ. ಚರಿತ್ರೆ ನಮಗೆ ಬೇಕಾದ ಹಾಗೆ ನೇರ ಗೆರೆಯಲ್ಲಿ ಹೋಗುವುದಿಲ್ಲ. ಆದರೆ ಇಬ್ರಾಹಿಂ ಆಳಿದ ನಲವತ್ತೇಳು ವರ್ಷವೂ ಆ ದೇವರುಗಳು ಫೋಂಡಾದಲ್ಲಿಯೇ ಇದ್ದವು. ಈಗಲೂ ಅಲ್ಲೇ ಇವೆ. ಆಗ ಗೋವಾ ಬಿಟ್ಟವರಲ್ಲಿ ಎಷ್ಟೋ ಜನ ನಮ್ಮ ಮಂಗಳೂರು ಕಡೆಗೂ ಬಂದರು, ಇಂದು ನಮ್ಮ ಅಂಗಡಿಯ ಪಕ್ಕದ ಅಂಗಡಿ ಅವರದ್ದು.

ಕೊನೆಗಾಲ ಇಬ್ರಾಹಿಮನಿಗೆ ಸುಖದ್ದಾಗಿರಲಿಲ್ಲ. ಆಸೆಪಟ್ಟು ಕಟ್ಟಿಸಿದ ನವರಸಪುರವನ್ನು 1624ರಲ್ಲಿ ಮಲಿಕ್ ಅಂಬರನ ಸೈನ್ಯ ಸುಲಿದು ಹಾಳುಮಾಡಿತು. 1627ರಲ್ಲಿ ಅವನು ತೀರಿಕೊಂಡ. ಬೇಗಂ ತಾಜ್ ಸುಲ್ತಾನಾಳಿಗೆಂದು ಮಲಿಕ್ ಸಂದಲ್ ಕಟ್ಟಿದ ರೌಝಾದಲ್ಲಿಯೇ ಅವನನ್ನೂ ಮಣ್ಣುಮಾಡಿದರು. ಅದೇ ಇಬ್ರಾಹಿಂ ರೌಝಾ. ಅದರ ಗೋಡೆ ತುಂಬ ಕುರ್‌ಆನಿನ ಆಯತ್‌ಗಳು. ಕಿಟಕಿಯ ಜಾಲಿಯನ್ನು ಕೂಡ ಕಲ್ಲಿನಲ್ಲಿ ಅರಬಿ ಅಕ್ಷರ ಕೊರೆದೇ ಮಾಡಿದ್ದಾರೆ, ಒಳಗೆ ಬೆಳಕು ಬರುವುದೇ ಅಕ್ಷರಗಳ ಸಂದಿನಿಂದ.

ಸಾಂಬ್ರಾದಿಂದ ವಿಜಯಪುರಕ್ಕೆ ಸುಮಾರು ಇನ್ನೂರು ಕಿಲೋಮೀಟರ್. ಇನ್‌ಶಾ ಅಲ್ಲಾಹ್ ಮುಂದಿನ ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಮನಸ್ಸುಂಟು. ಪ್ರಶ್ನೆ ಕೇಳಿದ ಹುಡುಗನ ಹೆಸರು ಪಟ್ಟಿಯಲ್ಲಿ ಮೊದಲು. ಅವನ ಖಿರಾಅತ್ ಈಗ ಪರವಾಗಿಲ್ಲ. ಜಾಲಿಯಲ್ಲಿ ಏನು ಕೊರೆದಿದೆ ಎಂದು ಓದಿ ಉಳಿದವರಿಗೆ ಹೇಳುವ ಕೆಲಸವನ್ನು ಅವನಿಗೇ ಒಪ್ಪಿಸಿದ್ದೇವೆ.