ಭುವನಗಿರಿಯ ವಿದ್ಯಾರ್ಥಿ ವೇಂಕಟನಾಥ

ಶ್ರೀಮಠದಲ್ಲಿ ಗುರುವಾರದ ಪ್ರವಚನ ಮುಗಿದು ಮಂಗಳಾರತಿಯಾದ ಮೇಲೆ, ಈ ನಗರದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ತರುಣನೊಬ್ಬನು ಹಿಂದೆ ಉಳಿದು ನಮ್ಮಲ್ಲಿ ಒಂದು ಪ್ರಶ್ನೆಯಿಟ್ಟನು. ತಾವು ಯಾವ ಕಾರ್ಯಕ್ಕಾಗಿ ಹುಟ್ಟಿದವರೆಂಬುದು ಗುರುರಾಜರಿಗೆ ವಿದ್ಯಾರ್ಥಿದಶೆಯಲ್ಲಿಯೇ ತಿಳಿದಿತ್ತಲ್ಲವೆ, ತನಗೆ ಇಪ್ಪತ್ತೊಂದು ತುಂಬಿದರೂ ಅದು ತಿಳಿಯದಿರುವುದು ಏಕೆ ಎಂದು. ಆ ಹೊತ್ತಿಗೆ ನಾವು ತಕ್ಕ ಉತ್ತರವನ್ನು ಕೊಡಲಿಲ್ಲ. ಮನೆಗೆ ಬಂದು ಶ್ರೀರಾಘವೇಂದ್ರತೀರ್ಥರ ಪೂರ್ವಾಶ್ರಮದ ಚರಿತ್ರೆಯನ್ನು ಮೊದಲಿನಿಂದ ನೆನೆದಾಗ, ಪ್ರಶ್ನೆಯ ಮೊದಲರ್ಧವೇ ಸರಿಯಲ್ಲವೆಂದು ತೋರಿತು. ಅವರು ಪ್ರಹ್ಲಾದಾಂಶರೆಂಬ ನಮ್ಮೆಲ್ಲರ ವಿಶ್ವಾಸಕ್ಕೆ ಇದರಿಂದ ಕುಂದೇನೂ ಇಲ್ಲ. ಲೋಕಶಿಕ್ಷಣಕ್ಕಾಗಿ ಮನುಷ್ಯರಂತೆಯೇ ನಡೆದು ತೋರಿಸಿದವರು ಅವರು.

ಅವರ ಮುತ್ತಾತ ಕೃಷ್ಣಭಟ್ಟರು ವಿಜಯನಗರದಲ್ಲಿ ಕೃಷ್ಣದೇವರಾಯನಿಗೆ ವೀಣೆಯನ್ನು ಕಲಿಸಿದವರೆಂದು ಪ್ರಸಿದ್ಧಿ. ೧೫೬೫ರಲ್ಲಿ ಆ ಸಾಮ್ರಾಜ್ಯವು ಮುರಿದುಬಿದ್ದ ಮೇಲೆ ಆಶ್ರಯ ತಪ್ಪಿದ ಅನೇಕ ಕುಟುಂಬಗಳು ದಕ್ಷಿಣಕ್ಕೆ ಬಂದವು. ತಿಮ್ಮಣ್ಣಭಟ್ಟರ ಸಂಸಾರವೂ ಹಾಗೆ ತಮಿಳುನಾಡಿಗೆ ಬಂದು ನೆಲೆಸಿತು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ನಮ್ಮಂಥವರು ಇದನ್ನು ಗಮನಿಸಬೇಕು. ತಿಮ್ಮಣ್ಣಭಟ್ಟ ಮತ್ತು ಗೋಪಿಕಾಂಬೆಯರಿಗೆ ೧೫೯೫ರಲ್ಲಿ ಭುವನಗಿರಿಯಲ್ಲಿ ವೇಂಕಟನಾಥನು ಜನಿಸಿದನೆಂದು ಸಂಪ್ರದಾಯ ಹೇಳುತ್ತದೆ. ಎಗ್ಮೋರಿನಿಂದ ರೈಲಿನಲ್ಲಿ ಹೊರಟು ಚಿದಂಬರದಲ್ಲಿ ಇಳಿದರೆ ಭುವನಗಿರಿಯು ಸಮೀಪವೇ. ಅದೇ ಹಳೆಯ ರೈಲುದಾರಿಯಲ್ಲಿ ಮುಂದೆ ಹೋದರೆ ಕುಂಭಕೋಣ, ಆಮೇಲೆ ತಂಜಾವೂರು. ಮಧುರೆಯೊಂದನ್ನು ಬಿಟ್ಟರೆ, ವೇಂಕಟನಾಥನ ಪೂರ್ವಾಶ್ರಮದ ಮುಖ್ಯ ಘಟನೆಗಳೆಲ್ಲ ಈ ಒಂದು ದಾರಿಯ ಆಸುಪಾಸಿನಲ್ಲಿಯೇ ನಡೆದುವು. ರೈಲ್ವೆಯಲ್ಲಿ ಕೂದಲು ನರೆಸಿಕೊಂಡ ನಮಗೆ ಅದು ಹಾಗೆ ಕಾಣುವುದು ಸಹಜ.

ಬಾಲ್ಯದಲ್ಲಿಯೇ ತಂದೆ ತೀರಿಕೊಂಡರು. ಅಣ್ಣ ಗುರುರಾಜನು ಸಾಕಿ ಉಪನಯನ ಮಾಡಿದನು. ಮಧುರೆಯಲ್ಲಿದ್ದ ಅಕ್ಕ ವೇಂಕಟಾಂಬೆಯ ಪತಿ ಲಕ್ಷ್ಮೀನರಸಿಂಹಾಚಾರ್ಯರು ಮೊದಲ ಪಾಠಗಳನ್ನು ಹೇಳಿದರು. ಅನಂತರ ಸರಸ್ವತಿಯೆಂಬ ಕನ್ಯೆಯೊಡನೆ ವಿವಾಹವಾಯಿತು. ಉನ್ನತ ವ್ಯಾಸಂಗಕ್ಕಾಗಿ ಅವನು ಕುಂಭಕೋಣದಲ್ಲಿದ್ದ ಶ್ರೀಸುಧೀಂದ್ರತೀರ್ಥರ ಸನ್ನಿಧಿಯನ್ನು ಸೇರಿದನು.

ನಮ್ಮ ತರುಣನು ತಿಳಿಯಬೇಕಾದ ಭಾಗ ಇಲ್ಲಿಯದು. ಶ್ರೀಜಯತೀರ್ಥರ ನ್ಯಾಯಸುಧೆಯು ಅನುವ್ಯಾಖ್ಯಾನದ ಮೇಲಿನ ಟೀಕೆ. ಅದನ್ನು ಕುಳಿತು ಪಾಠ ಹೇಳಿಸಿಕೊಂಡವರಿಗೇ ಅದರ ಕಾಠಿನ್ಯ ಗೊತ್ತು. ಹಗಲಿನ ಪಾಠ ಮುಗಿದು ಸಹಪಾಠಿಗಳು ಮಲಗಿದ ಮೇಲೆ ವೇಂಕಟನಾಥನು ಏಕಾಂತದಲ್ಲಿ ಕುಳಿತು, ದೀಪಕ್ಕೆ ಎಣ್ಣೆಯಿಲ್ಲದೆ ಒಣಗಿದ ತರಗೆಲೆಗಳನ್ನು ಉರಿಸಿ ಆ ಬೆಳಕಿನಲ್ಲಿ, ಅಂದು ಕೇಳಿದ ಪಂಕ್ತಿಗಳಿಗೆ ತನಗೆ ತೋರಿದ ವಿವರಣೆಯನ್ನು ಓಲೆಗಳ ಮೇಲೆ ಬರೆಯುತ್ತಿದ್ದನು. ಈ ಕೆಲಸವನ್ನು ಯಾರೂ ಒಪ್ಪಿಸಿರಲಿಲ್ಲ. ಇದರಿಂದ ಬರುವ ಸಂಭಾವನೆಯೂ ಇರಲಿಲ್ಲ. ನಿದ್ರೆಗೆಟ್ಟವನಾದುದರಿಂದ ಅವನು ಸೋಮಾರಿಯೆಂದು ಕೆಲವರು ಗುರುಗಳಲ್ಲಿ ದೂರನ್ನೂ ಹೇಳಿದರಂತೆ. ಒಂದು ರಾತ್ರಿ ಶ್ರೀಗಳವರು ತಾವೇ ಬಂದು ನೋಡಿದಾಗ ಬೆಂಕಿ ನಂದುತ್ತಿತ್ತು. ಶಿಷ್ಯನು ಓಲೆಗಳ ಪಕ್ಕದಲ್ಲಿಯೇ ಚಳಿಯಲ್ಲಿ ನಿದ್ರೆಹೋಗಿದ್ದನು. ಅವರು ಓಲೆಗಳನ್ನು ಓದಿ ತೆಗೆದುಕೊಂಡು, ತಮ್ಮ ಶಾಲನ್ನು ಅವನಿಗೆ ಹೊದಿಸಿ ಹೋದರು. ಬೆಳಿಗ್ಗೆ ಎದ್ದವನಿಗೆ ಗುರುಗಳ ಶಾಲು ಕಂಡಿತು, ಓಲೆಗಳು ಕಾಣಲಿಲ್ಲ. ಏನು ಅಪರಾಧವಾಯಿತೋ ಎಂದು ಅವನು ನಡುಗಿದನಂತೆ. ಅಂದು ಪಾಠದ ಸಭೆಯಲ್ಲಿ ಗುರುಗಳು ಆ ಬರಹವನ್ನು ಶ್ಲಾಘಿಸಿ ಅವನಿಗೆ ಪರಿಮಳಾಚಾರ್ಯನೆಂಬ ಬಿರುದನ್ನಿತ್ತರು.

ಇಷ್ಟಾದರೂ ಮುಂದಿನ ದಾರಿ ಅವನಿಗೆ ಗೋಚರಿಸಲಿಲ್ಲ. ಲಕ್ಷ್ಮೀನಾರಾಯಣನೆಂಬ ಮಗನು ಹುಟ್ಟಿದನು. ಶಿಷ್ಯರಿಗೆ ಪಾಠ ಹೇಳಿ ಅವರಿಂದ ಏನನ್ನೂ ಅಪೇಕ್ಷಿಸದ ಆ ಗೃಹಸ್ಥನ ಮನೆಯಲ್ಲಿ ಉಪವಾಸದ ದಿನಗಳು ಏಕಾದಶಿಗಳಿಗಿಂತ ಹೆಚ್ಚಾಗಿದ್ದುವು. ಸಮಾರಂಭವೊಂದಕ್ಕೆ ಹೋದಾಗ ಗಂಧ ತೇಯುವ ಕೆಲಸಕ್ಕೆ ಹಚ್ಚಲ್ಪಟ್ಟುದೂ, ಅವನು ಅಗ್ನಿಸೂಕ್ತವನ್ನು ಪಠಿಸುತ್ತ ತೇದ ಗಂಧವು ಬ್ರಾಹ್ಮಣರ ಮೈಯನ್ನು ಸುಟ್ಟುದೂ ಎಲ್ಲರೂ ಬಲ್ಲ ಕಥೆ. ಹೇಳುವವರು ಸಾಮಾನ್ಯವಾಗಿ ಮಹಿಮೆಯನ್ನೇ ಹೇಳುತ್ತಾರೆ. ಅಂಥ ಪಂಡಿತನು ಊಟಕ್ಕಾಗಿ ಗಂಧ ತೇಯಬೇಕಾಗಿತ್ತೆಂಬುದರ ಮೇಲೆ ನಮ್ಮ ಗಮನ ನಿಲ್ಲುತ್ತದೆ.

ವೃದ್ಧರಾದ ಶ್ರೀಸುಧೀಂದ್ರತೀರ್ಥರು ಪೀಠಕ್ಕೆ ಉತ್ತರಾಧಿಕಾರಿಯನ್ನು ಆರಿಸಬೇಕಾಗಿ ಬಂದಾಗ, ಸ್ವಪ್ನದಲ್ಲಿ ಶ್ರೀಮೂಲರಾಮನು ವೇಂಕಟನಾಥನನ್ನೇ ಸೂಚಿಸಿದನೆನ್ನುತ್ತಾರೆ. ಗುರುಗಳು ಹೇಳಿದೊಡನೆ ಶಿಷ್ಯನು ಒಪ್ಪಿಬಿಟ್ಟನೆಂದು ಅನೇಕರು ತಿಳಿದಿದ್ದಾರೆ, ಚರಿತ್ರೆ ಹಾಗಿಲ್ಲ. ಅವನು ಒಲ್ಲೆನೆಂದನು. ಪತ್ನಿ ತರುಣಿ, ಮಗನಿಗೆ ಇನ್ನೂ ಉಪನಯನವಾಗಿಲ್ಲ, ಅವರನ್ನು ಕೈಬಿಡುವುದು ಹೇಗೆ ಎಂಬುದು ಅವನ ಅಳಲು. ಅದು ಅಧೈರ್ಯವಲ್ಲ, ಗೃಹಸ್ಥಧರ್ಮವನ್ನು ಬಲ್ಲವನ ಸಂಕಟ. ಗುರುಗಳು ಬಲಾತ್ಕರಿಸಲಿಲ್ಲ. ಅನಂತರ ಒಂದು ರಾತ್ರಿ ವಿದ್ಯಾದೇವಿಯು ಕಾಣಿಸಿಕೊಂಡು ಶಾಸ್ತ್ರರಕ್ಷಣೆಯ ಭಾರವು ಅವನದೆಂದು ತಿಳಿಸಿದ ಬಳಿಕವೇ ಅವನು ಸಮ್ಮತಿಸಿದನು. ಮೊದಲು ಮಗನ ಉಪನಯನವನ್ನು ಮಾಡಿ, ೧೬೨೧ರ ಫಾಲ್ಗುಣ ಶುದ್ಧ ದ್ವಿತೀಯೆಯಂದು ತಂಜಾವೂರಿನಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಶ್ರೀರಾಘವೇಂದ್ರತೀರ್ಥರಾದರು. ಆಗ ನಾಯಕ ಅರಸು ರಘುನಾಥನು ಅಲ್ಲಿ ಆಳುತ್ತಿದ್ದನು.

ಸರಸ್ವತಿಯ ವಿಷಯವನ್ನು ನಮ್ಮ ಪ್ರವಚನಗಳಲ್ಲಿ ಬೇಗ ದಾಟಿಬಿಡುತ್ತೇವೆ. ಪತಿಯನ್ನು ಕೊನೆಯ ಬಾರಿ ನೋಡಬೇಕೆಂದು ಓಡಿಬಂದ ಆಕೆಯು ದಾರಿಯ ಪಾಳುಬಾವಿಯಲ್ಲಿ ಪ್ರಾಣಬಿಟ್ಟಳು. ಶಾಂತಿಯಿಲ್ಲದೆ ಮಠಕ್ಕೆ ಬಂದ ಆ ಜೀವಕ್ಕೆ ಶ್ರೀಗಳವರು ಕಮಂಡಲೂದಕವನ್ನು ಪ್ರೋಕ್ಷಿಸಿ ಸದ್ಗತಿಯನ್ನು ಕರುಣಿಸಿದರು. ಅವರು ಹೆದರಿದುದು ಇದಕ್ಕೇ ಇರಬೇಕು. ಆ ಹೆದರಿಕೆ ಸುಳ್ಳಾಗಲಿಲ್ಲ.

ಮುಂದಿನ ಐವತ್ತು ವರ್ಷಗಳಲ್ಲಿ, ೧೬೭೧ರಲ್ಲಿ ಮಂತ್ರಾಲಯದಲ್ಲಿ ಬೃಂದಾವನಪ್ರವೇಶ ಮಾಡುವವರೆಗೆ, ತಂತ್ರದೀಪಿಕೆ, ಭಾಟ್ಟಸಂಗ್ರಹ, ಉಪನಿಷತ್ತುಗಳ ಖಂಡಾರ್ಥ, ಗೀತಾವಿವೃತಿ ಮೊದಲಾದ ಗ್ರಂಥಗಳು ಅವರಿಂದ ಹೊರಟುವು. ಅವುಗಳಲ್ಲಿ ನ್ಯಾಯಸುಧೆಯ ವ್ಯಾಖ್ಯಾನಕ್ಕೆ ಪರಿಮಳವೆಂಬ ಹೆಸರೇ ನಿಂತಿತು. ಸುಧಾಪಾಠಕ್ಕೆ ಕುಳಿತವರು ಇಂದಿಗೂ ಅದನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಾರೆ. ಮುಂದಿನ ಗುರುವಾರ ಆ ತರುಣನು ಬಂದರೆ, ತರಗೆಲೆಯ ಬೆಳಕಿನಲ್ಲಿ ಬರೆಯುತ್ತಿದ್ದಾಗ ವೇಂಕಟನಾಥನಿಗೂ ಅದು ಯಾವುದಕ್ಕೆಂದು ತಿಳಿದಿರಲಿಲ್ಲವೆಂದು ಹೇಳುವವರಿದ್ದೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥