ನಿವೃತ್ತಿಯ ದಿನವೇ ಯೋಧರ ದಿನವಾಯಿತು: ಫೀಲ್ಡ್ ಮಾರ್ಷಲ್ ಕಾರ್ಯಪ್ಪ

ಜನವರಿ 14 ಎಂದರೆ ಕನ್ನಡ ನಾಡಿನ ಬಹುತೇಕ ಮನೆಗಳಲ್ಲಿ ಎಳ್ಳು-ಬೆಲ್ಲದ ಸಡಗರ. ಅದೇ ದಿನ ದೇಶದ ಸೇನಾ ನೆಲೆಗಳಲ್ಲಿ ಇನ್ನೊಂದು ಆಚರಣೆ ನಡೆಯುತ್ತದೆ. ಎದೆಯ ಮೇಲೆ ಹಳೆಯ ಪದಕಗಳನ್ನು ಧರಿಸಿದ ನಿವೃತ್ತ ಯೋಧರು ಯುದ್ಧ ಸ್ಮಾರಕಗಳ ಮುಂದೆ ಸೇರುತ್ತಾರೆ. ಮಡಿದ ಸಂಗಾತಿಗಳಿಗೆ ನಮನ ಸಲ್ಲಿಸುತ್ತಾರೆ. 2016ರಿಂದ ಈ ದಿನವನ್ನು ಸಶಸ್ತ್ರ ಪಡೆಗಳ ಮಾಜಿ ಯೋಧರ ದಿನವನ್ನಾಗಿ ಆಚರಿಸಲಾಗುತ್ತಿದೆ.

ಈ ದಿನಾಂಕಕ್ಕೂ ಯಾವುದೇ ಯುದ್ಧದ ಗೆಲುವಿಗೂ ಸಂಬಂಧವಿಲ್ಲ. ಸ್ವತಂತ್ರ ಭಾರತದ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕೊಡಂದೇರ ಮಾದಪ್ಪ ಕಾರ್ಯಪ್ಪ ಅವರು 1953ರ ಜನವರಿ 14ರಂದು ಸೇವೆಯಿಂದ ನಿವೃತ್ತರಾದರು. ಅಧಿಕಾರ ಬಿಟ್ಟುಕೊಟ್ಟ ದಿನವೇ ಒಬ್ಬ ಸೇನಾನಿಯ ನೆನಪಿನ ದಿನವಾದದ್ದು ಅಪರೂಪ. ಅವರ ಬದುಕನ್ನು ಬಲ್ಲವರಿಗೆ ಈ ಆಯ್ಕೆಯ ಔಚಿತ್ಯ ತಾನಾಗಿ ತಿಳಿಯುತ್ತದೆ.

ಶನಿವಾರಸಂತೆಯ ಚಿಮ್ಮ

ಕಾರ್ಯಪ್ಪನವರು ಜನಿಸಿದ್ದು 1899ರ ಜನವರಿ 28ರಂದು, ಕೊಡಗಿನ ಶನಿವಾರಸಂತೆಯಲ್ಲಿ. ತಂದೆ ಮಾದಪ್ಪನವರು ಕಂದಾಯ ಇಲಾಖೆಯ ನೌಕರರು. ಮನೆಯವರ ಪಾಲಿಗೆ ಹುಡುಗ ಚಿಮ್ಮ. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದು ಮುಗಿಸಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, ಭಾರತೀಯರನ್ನೂ ಸೇನೆಯ ಅಧಿಕಾರಿಗಳನ್ನಾಗಿ ನೇಮಿಸಿಕೊಳ್ಳಬೇಕೆಂಬ ಒತ್ತಡಕ್ಕೆ ಬ್ರಿಟಿಷರು ಮಣಿದರು. ಇಂದೋರಿನ ಡ್ಯಾಲಿ ಕೆಡೆಟ್ ಕಾಲೇಜಿನಲ್ಲಿ ತರಬೇತಿಗೆ ಆಯ್ಕೆಯಾದ ಮೊದಲ ತಂಡದಲ್ಲಿ ಈ ಕೊಡವ ಯುವಕನೂ ಇದ್ದರು. 1919ರಲ್ಲಿ ಅವರು ಅಧಿಕಾರಿಯಾಗಿ ಸೇನೆಗೆ ಪ್ರವೇಶಿಸಿದರು.

ಬಿಳಿಯರದೇ ಸಾಮ್ರಾಜ್ಯವಾಗಿದ್ದ ಅಧಿಕಾರಿಗಳ ಭೋಜನಶಾಲೆಯಲ್ಲಿ ಕಂದುಬಣ್ಣದ ಅಧಿಕಾರಿಗೆ ಸುಲಭದ ಸ್ವಾಗತವಿರಲಿಲ್ಲ. ಅವರ ಹೆಸರನ್ನು ಉಚ್ಚರಿಸಲು ಬ್ರಿಟಿಷ್ ಅಧಿಕಾರಿಯೊಬ್ಬರ ಪತ್ನಿಗೆ ನಾಲಿಗೆ ಹೊರಳದೆ ಕಿಪ್ಪರ್ ಎಂಬ ಅಡ್ಡಹೆಸರು ಅಂಟಿಕೊಂಡಿತು. ಅದು ಕೊನೆಯವರೆಗೂ ಉಳಿಯಿತು. 1923ರಲ್ಲಿ ರಜಪೂತ ರೆಜಿಮೆಂಟಿಗೆ ವರ್ಗವಾದ ಮೇಲೆ ಅದೇ ಅವರ ಮಾತೃ ರೆಜಿಮೆಂಟ್ ಎನಿಸಿತು. ಕ್ವೆಟ್ಟಾದ ಸ್ಟಾಫ್ ಕಾಲೇಜಿನಲ್ಲಿ 1933ರಲ್ಲಿ ವ್ಯಾಸಂಗಕ್ಕೆ ಸೇರಿದ ಮೊದಲ ಭಾರತೀಯ ಅಧಿಕಾರಿ, 1942ರಲ್ಲಿ ಬೆಟಾಲಿಯನ್ ಒಂದರ ನೇತೃತ್ವ ವಹಿಸಿದ ಮೊದಲ ಭಾರತೀಯ ಎಂಬ ಹೆಗ್ಗಳಿಕೆಗಳು ಒಂದೊಂದಾಗಿ ಅವರದಾದವು. ಅವರು ತೆರೆದ ಪ್ರತಿಯೊಂದು ಬಾಗಿಲಿನಿಂದ ಹಿಂದಿನಿಂದ ಬಂದ ಭಾರತೀಯ ಅಧಿಕಾರಿಗಳು ಒಳಹೊಕ್ಕರು.

ಯುದ್ಧ ಮತ್ತು ವಿಭಜನೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಇರಾಕ್, ಸಿರಿಯಾ, ಇರಾನ್ ಹಾಗೂ ಬರ್ಮಾದಲ್ಲಿ ಅವರ ಸೇವೆ ಸಾಗಿತು. ಆ ಯುದ್ಧಕ್ಕಾಗಿ ಸುಮಾರು 25 ಲಕ್ಷ ಭಾರತೀಯರು ಸಮವಸ್ತ್ರ ತೊಟ್ಟಿದ್ದರು. ಯುದ್ಧ ಮುಗಿದೊಡನೆ ಅವರಲ್ಲಿ ಬಹುಪಾಲು ಮಂದಿಯನ್ನು ಹಳ್ಳಿಗಳಿಗೆ ಮರಳಿ ಕಳುಹಿಸಲಾಯಿತು. ಬಂದೂಕು ಹಿಡಿದ ಕೈಗೆ ನೇಗಿಲು ಇದ್ದವರು ಬದುಕಿಕೊಂಡರು. ಇಲ್ಲದವರ ಪಾಡು ಕಷ್ಟವಾಯಿತು. ಮಾಜಿ ಸೈನಿಕ ಎಂಬುದು ಭಾರತದಲ್ಲಿ ಒಂದು ಸಾಮಾಜಿಕ ಪ್ರಶ್ನೆಯಾಗಿ ಎದ್ದು ನಿಂತದ್ದು ಆ ದಿನಗಳಲ್ಲಿ.

1947ರಲ್ಲಿ ದೇಶದ ಜೊತೆಗೆ ಸೇನೆಯೂ ಹೋಳಾಯಿತು. ವಿಭಜನೆಯ ಮುನ್ನ ವಾಯವ್ಯ ಗಡಿಯ ಬನ್ನುವಿನಲ್ಲಿ ಕಾರ್ಯಪ್ಪನವರ ಕೈಕೆಳಗೆ ಸೇವೆ ಸಲ್ಲಿಸಿದ್ದ ಅಯೂಬ್ ಖಾನ್ ಪಾಕಿಸ್ತಾನದ ಸೇನೆಗೆ ಸೇರಿದರು. ನಿನ್ನೆಯ ಸಹೋದ್ಯೋಗಿಗಳು ಕಾಶ್ಮೀರದಲ್ಲಿ ಎದುರುಬದುರಾದರು. 1948ರ ಜನವರಿಯಲ್ಲಿ ಪಶ್ಚಿಮ ವಲಯದ ಹೊಣೆ ಹೊತ್ತ ಕಾರ್ಯಪ್ಪನವರು ಕೊಡಗಿನವರೇ ಆದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಅವರಿಗೆ ಕಾಶ್ಮೀರದ ವಿಭಾಗವನ್ನು ವಹಿಸಿದರು. ಅದೇ ನವೆಂಬರ್‌ನಲ್ಲಿ, ಶತ್ರುವು ಊಹಿಸಿಯೂ ಇರದಂತೆ ಜೊಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಲೇಹ್‌ನ ಹಾದಿಯನ್ನು ತೆರೆಯಲಾಯಿತು.

1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಕಾರ್ಯಪ್ಪನವರು ಮಹಾದಂಡನಾಯಕನ ಅಧಿಕಾರ ಸ್ವೀಕರಿಸಿದರು. ಐವತ್ತರ ಹೊಸ್ತಿಲಲ್ಲಿದ್ದ ಅವರ ಕೈಗೆ ಬಂದದ್ದು ಎರಡು ಶತಮಾನ ಪರಕೀಯರ ಆಜ್ಞೆ ಪಾಲಿಸಿದ್ದ ಸೈನ್ಯ. ಆ ದಿನವನ್ನು ಇಂದಿಗೂ ಸೇನಾ ದಿನವನ್ನಾಗಿ ಆಚರಿಸಲಾಗುತ್ತದೆ.

ಎರಡು ದಾರಿಗಳು

ಸೈನಿಕನಿಗೆ ರಾಜಕೀಯ ಸಲ್ಲದು ಎಂಬ ಶಿಸ್ತನ್ನು ಅವರು ಮೇಲಿನಿಂದ ಕೆಳಗಿನವರೆಗೆ ಬೇರೂರಿಸಿದರು. ಜಾತಿ, ಪ್ರಾಂತಗಳ ಲೆಕ್ಕದಲ್ಲಿ ಕಟ್ಟಲಾಗಿದ್ದ ಸೇನೆಯಲ್ಲಿ, ಎಲ್ಲ ಜಾತಿ ಎಲ್ಲ ಪ್ರಾಂತದವರೂ ಒಂದಾಗಿ ದುಡಿಯುವ ಬ್ರಿಗೇಡ್ ಆಫ್ ದಿ ಗಾರ್ಡ್ಸ್ 1949ರಲ್ಲಿ ಅವರ ಆಸಕ್ತಿಯಿಂದ ರೂಪುಗೊಂಡಿತು. ಮಾಜಿ ಯೋಧರು ಹಾಗೂ ಹುತಾತ್ಮರ ಕುಟುಂಬಗಳ ನೆರವಿಗಾಗಿ ನಿಧಿ ಸಂಗ್ರಹಿಸುವ ಧ್ವಜ ದಿನ ಡಿಸೆಂಬರ್ 7ರಂದು ಆರಂಭವಾದದ್ದೂ ಅದೇ ವರ್ಷ.

ನಾಲ್ಕು ವರ್ಷಗಳ ಅವಧಿ ಮುಗಿದಾಗ ಅವರು ಜನರಲ್ ರಾಜೇಂದ್ರಸಿಂಹಜಿ ಅವರಿಗೆ ಅಧಿಕಾರ ಒಪ್ಪಿಸಿ ಹೊರಟರು. ಆಗ ಇದು ಸಹಜವಾಗಿಯೇ ಕಂಡಿತು. ಅದರ ಬೆಲೆ ತಿಳಿದದ್ದು ಐದು ವರ್ಷಗಳ ನಂತರ. 1958ರಲ್ಲಿ ಪಾಕಿಸ್ತಾನದಲ್ಲಿ ಸೇನಾ ಮುಖ್ಯಸ್ಥ ಅಯೂಬ್ ಖಾನ್ ಅಧಿಕಾರ ಕಬಳಿಸಿದರು. ಮರುವರ್ಷ ಫೀಲ್ಡ್ ಮಾರ್ಷಲ್ ಪದವಿಯನ್ನೂ ಏರಿದರು. ಒಂದೇ ಸೇನೆಯಲ್ಲಿ ಪಳಗಿದ ಇಬ್ಬರು ಹಿಡಿದ ದಾರಿಗಳಿವು. ಒಬ್ಬರು ಅಧಿಕಾರ ಹಿಡಿದ ದಿನ ಅವರ ದೇಶದ ಇತಿಹಾಸವನ್ನು ತಿರುಗಿಸಿತು, ಇನ್ನೊಬ್ಬರು ಅಧಿಕಾರ ಬಿಟ್ಟ ದಿನ ಗೌರವದ ದಿನವಾಯಿತು.

ಕಾರ್ಯಪ್ಪನವರೂ ದೋಷಾತೀತರಾಗಿರಲಿಲ್ಲ. ನಿವೃತ್ತಿಯ ನಂತರ ದೇಶದ ರಾಜಕೀಯ ಕುರಿತು ಅವರು ಆಡಿದ ಕೆಲವು ಮಾತುಗಳು ಟೀಕೆಗೆ ಗುರಿಯಾದವು. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಆದರೆ ಅವರು ಕೇಳಿದ್ದು ಮತವನ್ನು. ಸೋತ ಮೇಲೆ ಜನರ ತೀರ್ಪಿಗೆ ತಲೆಬಾಗಿದರು.

ಸಮವಸ್ತ್ರ ಕಳಚಿದ ಮೇಲೆ

ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಭಾರತದ ಹೈಕಮಿಷನರ್ ಆಗಿ 1956ರವರೆಗೆ ಸೇವೆ ಸಲ್ಲಿಸಿದ ಅವರು ಬಳಿಕ ಮಡಿಕೇರಿಯ ತಮ್ಮ ಮನೆ ರೋಶನಾರಾದಲ್ಲಿ ನೆಲೆಸಿದರು. ವಿಶ್ರಾಂತಿ ಮಾತ್ರ ಅವರಿಗೆ ಒಗ್ಗಲಿಲ್ಲ. ಸರ್ಕಾರಿ ನೌಕರ 60ರ ಆಸುಪಾಸಿನಲ್ಲಿ ನಿವೃತ್ತನಾದರೆ, ಜವಾನ ಸಾಮಾನ್ಯವಾಗಿ 40ರ ಒಳಗೆ ಅಥವಾ ಆಸುಪಾಸಿನಲ್ಲೇ ಮನೆಗೆ ಮರಳುತ್ತಾನೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ತಂದೆತಾಯಿಯರಿಗೆ ವಯಸ್ಸಾಗಿರುತ್ತದೆ, ಕಲಿತ ವಿದ್ಯೆಗೆ ಊರಿನಲ್ಲಿ ಕೆಲಸವಿರುವುದಿಲ್ಲ. ಈ ಜವಾನರ ದನಿಗೆ ಒಂದು ವೇದಿಕೆ ಬೇಕೆಂದು ಕಾರ್ಯಪ್ಪನವರು 1964ರಲ್ಲಿ ಭಾರತೀಯ ಮಾಜಿ ಸೈನಿಕರ ಲೀಗ್ ಸ್ಥಾಪಿಸಿದರು. ಪಿಂಚಣಿ, ಪುನರ್ವಸತಿ, ಗೌರವ ಇವು ಅವರ ಉಳಿದ ಬದುಕಿನ ಕಾಳಜಿಗಳಾದವು.

ಆ ಕಾಳಜಿಯ ಪರೀಕ್ಷೆ ಅವರ ಮನೆಯೊಳಗೇ ನಡೆಯಿತು. 1965ರ ಯುದ್ಧದಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಅವರ ಮಗ ನಂದಾ ಅವರ ವಿಮಾನವನ್ನು ಪಾಕಿಸ್ತಾನದಲ್ಲಿ ಹೊಡೆದುರುಳಿಸಲಾಯಿತು. ಗಾಯಗೊಂಡ ನಂದಾ ಸೆರೆ ಸಿಕ್ಕರು. ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ತಮ್ಮ ಹಳೆಯ ಹಿರಿಯ ಅಧಿಕಾರಿಯ ಮಗನನ್ನು ಬಿಡುಗಡೆ ಮಾಡಲು ಮುಂದಾದರು. ತಂದೆ ಆ ಕೃಪೆಯನ್ನು ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲ ಭಾರತೀಯ ಯೋಧರೂ ತಮ್ಮ ಮಕ್ಕಳೇ, ಒಬ್ಬನಿಗೆ ವಿಶೇಷ ಉಪಚಾರ ಬೇಡ ಎಂಬುದು ಅವರ ನಿಲುವಾಗಿತ್ತು. ಯುದ್ಧ ಮುಗಿದ ಬಳಿಕವೇ ನಂದಾ ತಾಯ್ನಾಡಿಗೆ ಮರಳಿದರು. ಮುಂದೆ ಅವರು ಏರ್ ಮಾರ್ಷಲ್ ಹುದ್ದೆಗೇರಿದರು.

ಉಳಿದಿರುವ ಹೊಣೆ

1986ರಲ್ಲಿ, ನಿವೃತ್ತಿಯಾಗಿ 33 ವರ್ಷಗಳ ನಂತರ, ಸರ್ಕಾರ ಅವರಿಗೆ ಫೀಲ್ಡ್ ಮಾರ್ಷಲ್ ಗೌರವ ನೀಡಿತು. ಸ್ಯಾಮ್ ಮಾಣಿಕ್ ಷಾ ಅವರ ನಂತರ ಈ ಪದವಿಗೆ ಭಾಜನರಾದ ಎರಡನೆಯ ಸೇನಾನಿ ಅವರು. ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿಯೆಂಬುದಿಲ್ಲ. ಹೀಗಾಗಿ ಮಾಜಿ ಸೈನಿಕರ ಮುಖಂಡ 87ನೇ ವಯಸ್ಸಿನಲ್ಲಿ ಮತ್ತೆ ಸೇನೆಯ ಪಟ್ಟಿಗೆ ಸೇರಿದರು. 1993ರ ಮೇ 15ರಂದು ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಮಡಿಕೇರಿಯಲ್ಲಿ ನಡೆದ ಅಂತ್ಯಕ್ರಿಯೆಗೆ ಮೂರೂ ಪಡೆಗಳ ಮುಖ್ಯಸ್ಥರು ಬಂದಿದ್ದರು, ಮಾಣಿಕ್ ಷಾ ಅವರೂ ಹಾಜರಿದ್ದರು.

ಬೆಂಗಳೂರಿನ ರೆಸಿಡೆನ್ಸಿ ರಸ್ತೆಗೆ ಇಂದು ಅವರ ಹೆಸರಿದೆ. 2023ರಲ್ಲಿ ಸೇನಾ ದಿನದ ಪಥಸಂಚಲನ ಮೊದಲ ಬಾರಿಗೆ ದೆಹಲಿಯಿಂದ ಹೊರಬಂದಾಗ ಅದು ನಡೆದದ್ದು ಬೆಂಗಳೂರಿನಲ್ಲೇ. ಆದರೆ ಅವರು ಎತ್ತಿದ ಪ್ರಶ್ನೆ ಹಳತಾಗಿಲ್ಲ. ಒಂದು ಶ್ರೇಣಿ ಒಂದು ಪಿಂಚಣಿಗಾಗಿ ವೃದ್ಧ ಯೋಧರು ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತ ಮೇಲೆ, 2015ರಲ್ಲಿ ಕೇಂದ್ರ ಸರ್ಕಾರ ಅದನ್ನು ಘೋಷಿಸಿತು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಡಿ ಸೇರಿದವರಲ್ಲಿ ಬಹುತೇಕರು ನಾಲ್ಕೇ ವರ್ಷಗಳಲ್ಲಿ, ಇಪ್ಪತ್ತರ ಹರೆಯದಲ್ಲೇ ಸಮವಸ್ತ್ರ ಕಳಚಬೇಕೆಂಬುದು ಅದರ ಮೂಲ ನಿಯಮ. ಇವರು ಪಿಂಚಣಿಯೂ ಇಲ್ಲದ ಮಾಜಿ ಯೋಧರು.

ವರ್ಷಕ್ಕೊಮ್ಮೆ ಸ್ಮಾರಕದ ಮುಂದೆ ಹೂವಿಡುವುದು ಸುಲಭ. ಊರಿಗೆ ಮರಳಿದ ಯೋಧನಿಗೆ ಕೆಲಸ, ಚಿಕಿತ್ಸೆ, ಕಚೇರಿಗಳಲ್ಲಿ ಒಂದು ಕುರ್ಚಿ ಸಿಗುವಂತೆ ನೋಡಿಕೊಳ್ಳುವುದು ವರ್ಷವಿಡೀ ಮಾಡಬೇಕಾದ ಕೆಲಸ. ನಿವೃತ್ತಿಯ ನಂತರದ ನಾಲ್ಕು ದಶಕಗಳಲ್ಲಿ ಕಾರ್ಯಪ್ಪನವರು ಮಾಡುತ್ತಾ ಬಂದದ್ದು ಈ ಎರಡನೆಯ ಕೆಲಸವನ್ನು.